ಅಂಗಡಿಯ ಕ್ಯಾಮೆರಾ ಕಣ್ಣು ಮುಚ್ಚಿದಾಗ

ಕಂಪ್ಯೂಟರಿಗೆ ಕ್ಯಾಪ್ಚರ್ ಕಾರ್ಡ್ ಅಳವಡಿಸಿ, ಕೇಬಲ್ ಮೂಲಕ ನಾಲ್ಕಾರು ಕ್ಯಾಮೆರಾಗಳನ್ನು ಜೋಡಿಸಿದ ಕಾವಲು ವ್ಯವಸ್ಥೆ ಸಣ್ಣ ಅಂಗಡಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಪರದೆಯ ಮೇಲೆ ‘ವಿಡಿಯೊ ಲಾಸ್’ ಎಂದು ಮೂಡಿದೊಡನೆ ಹೊಸ ಕ್ಯಾಮೆರಾ ಕೊಳ್ಳಲು ಹೊರಡುವವರುಂಟು. ಅದಕ್ಕೆ ಮುನ್ನ ಆ ಕೇಬಲನ್ನು, ಚಿತ್ರ ಸರಿಯಾಗಿ ಬರುತ್ತಿರುವ ಬೇರೊಂದು ಚಾನೆಲ್‌ಗೆ ಸಿಕ್ಕಿಸಿ ನೋಡಬೇಕು. ಚಿತ್ರ ಮೂಡಿದರೆ ದೋಷ ಕಾರ್ಡಿನದು. ಮೂಡದಿದ್ದರೆ ಬಿಎನ್‌ಸಿ ಕನೆಕ್ಟರ್, ಕೇಬಲ್, 12 ವೋಲ್ಟ್ ಅಡಾಪ್ಟರ್‌ಗಳನ್ನು ಪರೀಕ್ಷಿಸಿದ ನಂತರವಷ್ಟೇ ಕ್ಯಾಮೆರಾದ ಮೇಲೆ ಸಂಶಯ ಪಡಬೇಕು.

ಹಗಲು ಸರಿಯಿದ್ದು ರಾತ್ರಿ ಮಾತ್ರ ಚಿತ್ರ ಮಾಯವಾಗುವುದೂ ಉಂಟು. ಕತ್ತಲಾದೊಡನೆ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕ್ಯಾಮೆರಾ ಹೆಚ್ಚು ವಿದ್ಯುತ್ ಎಳೆಯುತ್ತದೆ. ಅಡಾಪ್ಟರ್ ದುರ್ಬಲವಾಗಿದ್ದರೆ ಅಥವಾ ತಂತಿ ತೆಳುವಾಗಿ ಉದ್ದವಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಕಾವಲು ಬೇಕಾದ ಹೊತ್ತೂ ಅದೇ.

ಚಿತ್ರ ಕಾಣುತ್ತಿದೆ ಎಂದ ಮಾತ್ರಕ್ಕೆ ರೆಕಾರ್ಡಿಂಗ್ ನಡೆಯುತ್ತಿದೆ ಎಂದಲ್ಲ. ಕ್ಯಾಮೆರಾವೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಲೆಕ್ಕ ಹಾಕಿದರೆ, 4 ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 86 ಗಿಗಾಬೈಟ್ ಬೇಕು. 1 ಟೆರಾಬೈಟ್ ಡಿಸ್ಕ್ ಹೆಚ್ಚೆಂದರೆ 11 ದಿನಕ್ಕೆ ಸಾಕಾಗುತ್ತದೆ. ಹಳೆಯ ದೃಶ್ಯ ಅಳಿಸಿ ಹೊಸದನ್ನು ಬರೆಯುವ ಆಯ್ಕೆ ಒತ್ತಿರದಿದ್ದರೆ ರೆಕಾರ್ಡಿಂಗ್ ಸದ್ದಿಲ್ಲದೆ ನಿಲ್ಲುತ್ತದೆ. ವಾರಕ್ಕೊಮ್ಮೆಯಾದರೂ ಹಿಂದಿನ ರಾತ್ರಿಯ ದೃಶ್ಯವನ್ನು ತೆರೆದು ನೋಡುವುದು ಲೇಸು. ಆಗಲೇ ಗಡಿಯಾರವನ್ನೂ ಗಮನಿಸಬೇಕು. ಕಂಪ್ಯೂಟರ್ ಆರಿಸಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನಲ್ಲಿರುವ, ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬದಲಿಸಬೇಕು. ದಿನಾಂಕ ತಪ್ಪಿದ ದೃಶ್ಯವನ್ನು ಪೊಲೀಸರಿಗೆ ಒಪ್ಪಿಸಿದರೆ, ಅದು ಯಾವ ರಾತ್ರಿಯದು ಎಂದು ಸಾಬೀತುಪಡಿಸುವುದು ಕಷ್ಟವಾಗುತ್ತದೆ.