ಕರೆ ದಾಟುವ ಗಡಿ: ಮೊಬೈಲ್ ಪೈಪೋಟಿಯ ಎರಡು ವ್ಯಾಜ್ಯಗಳು

ಚಳ್ಳಕೆರೆಯ ಎಸ್‌ಟಿಡಿ ಸಂಕೇತ 08195, ಮೊಳಕಾಲ್ಮೂರಿನದು 08198. ಎರಡೂ ಚಿತ್ರದುರ್ಗ ಜಿಲ್ಲೆಯ ನೆರೆಯ ತಾಲ್ಲೂಕುಗಳು. ಆದರೂ ಸಂಕೇತ ಬೇರೆ ಬೇರೆ ಏಕೆ? ದೂರವಾಣಿ ಶುಲ್ಕ ನಿಗದಿಗಾಗಿ ದೇಶವನ್ನು ಕಿರುದೂರ ವಲಯಗಳಾಗಿ ವಿಂಗಡಿಸಲಾಗಿತ್ತು. ಒಂದು ವಲಯವೆಂದರೆ ಹೆಚ್ಚುಕಡಿಮೆ ಒಂದು ತಾಲ್ಲೂಕು. ಈ ಗೆರೆಗಳೇ ಮುಂದೆ ಸರ್ವೋಚ್ಚ ನ್ಯಾಯಾಲಯ ಮುಟ್ಟಿದ ವ್ಯಾಜ್ಯವೊಂದರ ಕೇಂದ್ರವಾದವು ಎಂದರೆ ನಿಮಗೆ ಅಚ್ಚರಿಯಾಗಬಹುದು.

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ಆಗ ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ತೆರಬೇಕಿತ್ತು. 2001ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಸ್ಥಿರ ದೂರವಾಣಿ ಕಂಪನಿಗಳಿಗೂ ತಂತಿಯಿಲ್ಲದ ಫೋನ್ ಒದಗಿಸಲು ಅನುಮತಿ ನೀಡಿತು. ಆದರೆ ಆ ಫೋನ್ ತನ್ನ ಕಿರುದೂರ ವಲಯದೊಳಗೆ ಮಾತ್ರ ಕೆಲಸ ಮಾಡಬೇಕು. ಇದೇ 'ಸೀಮಿತ ಸಂಚಾರ'. ಚಳ್ಳಕೆರೆಯ ಎಣ್ಣೆ ವ್ಯಾಪಾರಿಯೊಬ್ಬರು ಅಂಥ ಫೋನನ್ನು ಜೇಬಿನಲ್ಲಿಟ್ಟುಕೊಂಡು ರೇಷ್ಮೆ ಸೀರೆ ಕೊಳ್ಳಲು ಮೊಳಕಾಲ್ಮೂರಿಗೆ ಹೋದರೆಂದು ಭಾವಿಸಿ. ನಿಯಮದ ಪ್ರಕಾರ ಅಲ್ಲಿ ಅದು ಮೂಕ!

ಮೊಬೈಲ್ ಕಂಪನಿಗಳು ಇದನ್ನು ಪ್ರಶ್ನಿಸಿದವು. ತಾವು ಭಾರಿ ಬೆಲೆ ತೆತ್ತು ಪಡೆದ ಹಕ್ಕನ್ನು ಇತರರಿಗೆ ಅಗ್ಗವಾಗಿ ಕೊಟ್ಟರೆ ಪೈಪೋಟಿ ಸಮಬಲದ್ದಾಗುವುದೇ ಎಂಬುದು ಅವುಗಳ ವಾದ. ಅಗ್ಗದ ಫೋನ್ ಜನರಿಗೆ ದಕ್ಕಲಿ ಎಂಬುದು ಎದುರು ವಾದ. ದೂರಸಂಪರ್ಕ ನ್ಯಾಯಾಧಿಕರಣ 2002ರ ಮಾರ್ಚಿನಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ವರ್ಷದ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಸಮಬಲದ ಪ್ರಶ್ನೆಯನ್ನು ಮತ್ತೆ ಪರಿಶೀಲಿಸುವಂತೆ ಪ್ರಕರಣವನ್ನು ಹಿಂದಿರುಗಿಸಿತು. 2003ರ ಆಗಸ್ಟಿನಲ್ಲಿ ನ್ಯಾಯಾಧಿಕರಣದ ಬಹುಮತದ ತೀರ್ಪು ಸೀಮಿತ ಸಂಚಾರವನ್ನು ಎತ್ತಿಹಿಡಿಯಿತು. ನವೆಂಬರಿನಲ್ಲಿ ಸರ್ಕಾರವು ಏಕೀಕೃತ ಪರವಾನಗಿಯನ್ನು ಜಾರಿಗೆ ತಂದಾಗ ಈ ತಾಲ್ಲೂಕಿನ ಗೆರೆಗೆ ಅರ್ಥ ಉಳಿಯಲಿಲ್ಲ. ಒಳಬರುವ ಕರೆ ಉಚಿತವಾದದ್ದೂ 2003ರಲ್ಲೇ.

ನಕ್ಷೆಯ ಗಡಿ ಅಳಿಯಿತು. ಆದರೆ ಜಾಲಗಳ ನಡುವಿನ ಗಡಿ ಉಳಿಯಿತು. ನಿಮ್ಮದು ಒಂದು ಕಂಪನಿಯ ಸಿಮ್, ಗೆಳೆಯನದು ಇನ್ನೊಂದರದು ಎನ್ನಿ. ನಿಮ್ಮ ಕರೆ ಎರಡೂ ಜಾಲಗಳು ಕೂಡುವ ಅಂತರಸಂಪರ್ಕ ಬಿಂದುವನ್ನು ದಾಟಲೇಬೇಕು. ಅಲ್ಲಿನ ಸಾಂಪ್ರದಾಯಿಕ ಕೊಂಡಿಯೊಂದರಲ್ಲಿ 30 ಧ್ವನಿ ಮಾರ್ಗಗಳಿರುತ್ತವೆ. 31ನೆಯ ಕರೆಗೆ ಜಾಗವಿಲ್ಲ.

ಇಲ್ಲಿ ಒಂದು ಲೆಕ್ಕ ನೋಡೋಣ. ಗಂಟೆಗೆ 600 ಕರೆಗಳು, ತಲಾ ಸರಾಸರಿ 3 ನಿಮಿಷ. ಒಟ್ಟು 1800 ನಿಮಿಷ. 60ರಿಂದ ಭಾಗಿಸಿದರೆ 30. ಹಾಗಾದರೆ 30 ಮಾರ್ಗಗಳು ಸಾಕಲ್ಲವೇ? ಸಾಲವು! ಕರೆಗಳು ಸಾಲಾಗಿ ಬರುವುದಿಲ್ಲ, ಒಮ್ಮೊಮ್ಮೆ ಒಟ್ಟಿಗೆ ಮುತ್ತುತ್ತವೆ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದಂತೆ ಇಲ್ಲಿ 100ಕ್ಕೆ ಸುಮಾರು 13 ಕರೆಗಳು ವಿಫಲವಾಗುತ್ತವೆ. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಗೊತ್ತುಪಡಿಸಿದ ಮಿತಿ 1000ಕ್ಕೆ 5. ಅದನ್ನು ಪಾಲಿಸಬೇಕಾದರೆ ಅದೇ ಕೊಂಡಿಯಲ್ಲಿ ಗಂಟೆಗೆ ಸುಮಾರು 380 ಕರೆಗಳನ್ನಷ್ಟೇ ಬಿಡಬಹುದು. ಕೊಂಡಿಗಳು ಕಡಿಮೆಯಾದರೆ ಹೊಸ ಕಂಪನಿಯ ಗ್ರಾಹಕರ ಕರೆಗಳು ಸೋಲುತ್ತವೆ. ಗ್ರಾಹಕರು ದೂರುವುದು ಮಾತ್ರ ಹೊಸ ಕಂಪನಿಯನ್ನೇ.

ಎರಡನೆಯ ವ್ಯಾಜ್ಯ ಹುಟ್ಟಿದ್ದು ಇಲ್ಲಿಯೇ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ರಿಲಯನ್ಸ್ ಜಿಯೋ, ಏರ್‌ಟೆಲ್, ವೊಡಾಫೋನ್ ಮತ್ತು ಐಡಿಯಾ ಕಂಪನಿಗಳು ಸಾಕಷ್ಟು ಕೊಂಡಿಗಳನ್ನು ಕೊಡುತ್ತಿಲ್ಲವೆಂದು ದೂರಿತು. ಜಿಯೋದ ಬೇಡಿಕೆಯೇ ಅತಿಯಾಯಿತು, ಕೊಂಡಿ ಒದಗಿಸಲು ನಿಯಮದಲ್ಲಿ ಕಾಲಾವಕಾಶವಿದೆ ಎಂದು ಅವು ಉತ್ತರಿಸಿದವು. ಅಕ್ಟೋಬರಿನಲ್ಲಿ ಟ್ರಾಯ್ ಮೂರೂ ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸಲು ಶಿಫಾರಸು ಮಾಡಿತು. ಇವು ಒಳಗೊಳಗೇ ಕೂಡಿಕೊಂಡವೇ ಎಂಬುದನ್ನು ತನಿಖೆ ಮಾಡುವಂತೆ ಭಾರತೀಯ ಸ್ಪರ್ಧಾ ಆಯೋಗ 2017ರ ಏಪ್ರಿಲ್‌ನಲ್ಲಿ ಆದೇಶಿಸಿತು. ಬೊಂಬಾಯಿ ಉಚ್ಚ ನ್ಯಾಯಾಲಯ ಸೆಪ್ಟೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. 2018ರ ಡಿಸೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ಈ ತೀರ್ಮಾನವನ್ನು ಎತ್ತಿಹಿಡಿದು ಒಂದು ಕ್ರಮವನ್ನು ಗೊತ್ತುಮಾಡಿತು: ಕೊಂಡಿ ಕೊಡುವ ಕರ್ತವ್ಯ ತಪ್ಪಿತೇ ಎಂಬ ತಾಂತ್ರಿಕ ಸಂಗತಿಯನ್ನು ಮೊದಲು ಟ್ರಾಯ್ ನಿರ್ಧರಿಸಬೇಕು, ಅನಂತರವೇ ಕೂಟದ ಆರೋಪವನ್ನು ಆಯೋಗ ಪರಿಶೀಲಿಸಬಹುದು.

ತೀರ್ಪು ಬರುವ ವೇಳೆಗೆ ವೊಡಾಫೋನ್ ಮತ್ತು ಐಡಿಯಾ ಒಂದಾಗಿದ್ದವು. ಕಾನೂನು ನಿಧಾನವಾಗಿ ನಡೆಯುತ್ತದೆ, ಮಾರುಕಟ್ಟೆ ಕಾಯುವುದಿಲ್ಲ.

ಪೈಪೋಟಿಯನ್ನು ಕಂಪನಿಗಳ ಎಣಿಕೆಯಿಂದಷ್ಟೇ ಅಳೆಯಲಾಗದು. ಅವುಗಳ ನಡುವಿನ ಕೊಂಡಿ ಎಷ್ಟು ಅಗಲ ಎಂಬುದನ್ನೂ ಕೇಳಬೇಕು. ಮುಂದಿನ ಬಾರಿ 'ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ' ಎಂಬ ದನಿ ಕೇಳಿಸಿದರೆ, ಎರ್ಲಾಂಗನ ಲೆಕ್ಕವನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಮಾಡಿ ನೋಡಿ.