ರಸ್ತೆಯಲ್ಲಿ ಸಿಕ್ಕ ಮಗು, ವಿಶ್ವ ಚಾಂಪಿಯನ್

ಬಾಕ್ಸಿಂಗ್ ಎಂದಾಕ್ಷಣ ನಮಗೆ ಮುಹಮ್ಮದ್ ಅಲಿ ನೆನಪಾಗುತ್ತಾರೆ. ಅದೇ ಅಮೆರಿಕದ ಮ್ಯಾಥ್ಯೂ ಸಾದ್ ಮುಹಮ್ಮದ್‌ರ ಬದುಕಿನಲ್ಲೂ ನಮಗೆ ಪಾಠವಿದೆ.

ತಾಯಿ ತೀರಿಕೊಂಡ ಮೇಲೆ, ಸಾಕಲಾಗದ ಬಂಧುಗಳು ಐದು ವರ್ಷದ ಈ ಮಗುವನ್ನು ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕ್‌ವೇ ರಸ್ತೆಯಲ್ಲಿ ಕೈಬಿಟ್ಟರು. ಆಶ್ರಯವಿತ್ತ ಕ್ರೈಸ್ತ ಸನ್ಯಾಸಿನಿಯರು ರಸ್ತೆಯ ಹೆಸರನ್ನೇ ಸೇರಿಸಿ ಮ್ಯಾಥ್ಯೂ ಫ್ರಾಂಕ್ಲಿನ್ ಎಂದು ಕರೆದರು.

1979ರ ಏಪ್ರಿಲ್‌ನಲ್ಲಿ ಮಾರ್ವಿನ್ ಜಾನ್ಸನ್‌ರನ್ನು ಎಂಟನೆಯ ಸುತ್ತಿನಲ್ಲಿ ಮಣಿಸಿ ಅವರು ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಇಸ್ಲಾಮ್ ಸ್ವೀಕರಿಸಿ ಹೆಸರು ಬದಲಿಸಿಕೊಂಡರು. ಏಟು ತಿಂದು ಇನ್ನೇನು ಕುಸಿದರು ಎನ್ನುವಾಗಲೇ ಚೇತರಿಸಿಕೊಂಡು ಎದುರಾಳಿಯನ್ನು ಕೆಡಹುತ್ತಿದ್ದರು. ಅವರ 49 ಗೆಲುವುಗಳಲ್ಲಿ 35 ನಾಕೌಟ್. ಎಂಟು ಬಾರಿ ಪಟ್ಟ ಉಳಿಸಿಕೊಂಡು, 1981ರ ಡಿಸೆಂಬರ್‌ನಲ್ಲಿ ಡ್ವೈಟ್ ಬ್ರಾಕ್ಸ್‌ಟನ್‌ಗೆ ಸೋತರು.

ಏಟುಗಳಿಗೆ ಬಗ್ಗದವರನ್ನು ದುಂದುವೆಚ್ಚ ಬಗ್ಗಿಸಿತು. ಹಣವಿದ್ದಾಗ ಮುತ್ತಿಕೊಂಡಿದ್ದವರು ಹಣದೊಂದಿಗೇ ಹೋದರು. 2010ರಲ್ಲಿ ಅವರು ಫಿಲಡೆಲ್ಫಿಯಾದ ನಿರ್ಗತಿಕರ ಆಶ್ರಯಧಾಮ ಸೇರಿದರು. ಆದರೆ ನಾಚಿ ಮುಖ ಮರೆಸಿಕೊಳ್ಳದೆ, ಮನೆಯಿಲ್ಲದವರ ಪರವಾಗಿ ದನಿಯೆತ್ತಿದರು. 2014ರ ಮೇ ತಿಂಗಳಲ್ಲಿ, 59ನೇ ವಯಸ್ಸಿನಲ್ಲಿ ನಿಧನರಾದರು.

ಸಂಪತ್ತು ಅಲ್ಲಾಹನ ಅಮಾನತ್ತು ಎಂದು ಜುಮಾ ಖುತ್ಬಾಗಳಲ್ಲಿ ಕೇಳುತ್ತೇವೆ. ದುಡಿಯುವುದರ ಜೊತೆಗೆ ಹಿಡಿತದಿಂದ ಖರ್ಚು ಮಾಡುವುದನ್ನೂ ಮಕ್ಕಳಿಗೆ ಕಲಿಸೋಣ. ನಮ್ಮ ಮೊಹಲ್ಲಾದ ಯಾವ ಯತೀಮ ಮಗುವೂ ರಸ್ತೆಪಾಲಾಗದಂತೆ ನೋಡಿಕೊಳ್ಳೋಣ. ಅಲ್ಲಾಹನು ಅವರನ್ನು ಕ್ಷಮಿಸಿ ಅನುಗ್ರಹಿಸಲಿ, ಆಮೀನ್.