ಎಕ್ಸೆಪ್ಟ್ ಅಂದ ಮೇಲೆ ಏನು ಬರೀತೀರಿ?

ಎರಡು ವರ್ಷದ ಹಿಂದೆ ಟೀಮಿಗೆ ಒಂದು ಮೇಲ್ ಬರೆದಿದ್ದೆ. ಸರ್ವರ್‌ಗಳನ್ನು ಯಾರೂ ರೀಸ್ಟಾರ್ಟ್ ಮಾಡಬೇಡಿ, ‘ಎಕ್ಸೆಪ್ಟ್ ಆನ್ ಸಂಡೇಸ್ ಅಂಡ್ ಹಾಲಿಡೇಸ್ ಆಫ್ಟರ್ ಟೆನ್ ಪಿಎಂ’ ಅಂತ. ಭಾನುವಾರವಾಗಲಿ, ರಜೆಯಾಗಲಿ, ರಾತ್ರಿ ಹತ್ತರ ಮೇಲೆ ಮಾತ್ರ ಅನ್ನೋದು ನನ್ನ ತಲೆಯಲ್ಲಿದ್ದ ಅರ್ಥ. ಓದಿದ ಹುಡುಗ, ಹತ್ತು ಗಂಟೆಯ ಷರತ್ತು ರಜಾದಿನಕ್ಕೆ ಮಾತ್ರ, ಭಾನುವಾರ ಯಾವಾಗ ಬೇಕಾದ್ರೂ ಮಾಡಬಹುದು ಅಂದುಕೊಂಡ. ಭಾನುವಾರ ಮಟಮಟ ಮಧ್ಯಾಹ್ನ ರೀಸ್ಟಾರ್ಟ್ ಮಾಡಿದ. ಬೈಸಿಕೊಂಡಿದ್ದು ಅವನು, ತಪ್ಪು ನನ್ನ ವಾಕ್ಯದ್ದು.

ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಲ್ಲಿ ಎಕ್ಸೆಪ್ಟ್ ಅಂದ್ರೆ ‘ಹೊರತು’, ಅನ್‌ಲೆಸ್ ಅಂದ್ರೂ ‘ಹೊರತು’ ಅಂತ ಬಾಯಿಪಾಠ ಮಾಡಿದವನು ನಾನು. ಗುಂಪಿನಿಂದ ಒಂದನ್ನು ಹೊರಗೆ ತೆಗೆಯೋಕೆ ಎಕ್ಸೆಪ್ಟ್, ಷರತ್ತು ಹಾಕೋಕೆ ಅನ್‌ಲೆಸ್ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಇನ್ನೊಂದು ವ್ಯತ್ಯಾಸವೂ ಇದೆ. ಕನ್ನಡದಲ್ಲಿ ‘ಭಾನುವಾರ ಬಿಟ್ಟು’ ಅನ್ನೋದು ಕ್ರಿಯಾಪದಕ್ಕಿಂತ ಮೊದಲೇ ಬರುತ್ತೆ, ವಾಕ್ಯ ಮುಗಿಯೋಕೆ ಮುಂಚೆ ವಿನಾಯಿತಿ ಕಿವಿಗೆ ಬಿದ್ದಿರುತ್ತೆ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ನಿಯಮ ಮೊದಲು, ವಿನಾಯಿತಿ ಬಾಲದಲ್ಲಿ. ನಿಯಮ ಓದಿ ನೆಮ್ಮದಿಯಾದವರು ಬಾಲ ನೋಡೋದೇ ಇಲ್ಲ.

ಆದ್ರೆ ಬಾಲವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವರಿದ್ದರು. ನಮ್ಮ ಸಂವಿಧಾನದ 21ನೇ ವಿಧಿ ಒಂದೇ ವಾಕ್ಯ: ಯಾರ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ, ‘ಎಕ್ಸೆಪ್ಟ್ ಅಕಾರ್ಡಿಂಗ್ ಟು ಪ್ರೊಸೀಜರ್ ಎಸ್ಟಾಬ್ಲಿಶ್ಡ್ ಬೈ ಲಾ’. ಅಂದ್ರೆ ಕಾನೂನು ಗೊತ್ತುಮಾಡಿದ ಕ್ರಮದಲ್ಲಿ ಹೊರತು. ಈ ಬಾಲ ಮೊದಲು ಹೀಗಿರಲಿಲ್ಲ. 1947ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆ ಒಪ್ಪಿದ ಮಾತು ಅಮೆರಿಕದಿಂದ ಬಂದದ್ದು: ‘ವಿದೌಟ್ ಡ್ಯೂ ಪ್ರಾಸೆಸ್ ಆಫ್ ಲಾ’.

ಎರಡೂ ವಿನಾಯಿತಿಯ ಮಾತುಗಳೇ. ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ ಕೂಡ. ಆದ್ರೆ ‘ಡ್ಯೂ’ ಅನ್ನೋ ಮೂರಕ್ಷರ ಇದ್ದರೆ ನ್ಯಾಯಾಧೀಶ, ಈ ಕಾನೂನು ನ್ಯಾಯವಾಗಿದೆಯಾ ಅಂತ ಕೇಳಬಹುದು. ಅದಿಲ್ಲದಿದ್ದರೆ, ಕಾನೂನು ಇದೆಯಾ, ಅದರ ಪ್ರಕಾರ ನಡೆದಿದೆಯಾ ಅಂತ ಮಾತ್ರ. ಫಾರ್ಮ್‌ನಲ್ಲಿ ಕಾಲಂ ಖಾಲಿ ಇಲ್ಲ ತಾನೇ ಅಂತ ನೋಡಿ, ಒಳಗೆ ಏನು ತುಂಬಿದ್ದಾರೆ ಅಂತ ನೋಡದ ಕೋಡ್ ಇರುತ್ತಲ್ಲ, ಹಾಗೆ.

ಬದಲಾವಣೆಯ ಹಿಂದೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಇದ್ದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆರಿಸಿ ಬಂದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕೋದಕ್ಕೆ ‘ಡ್ಯೂ ಪ್ರಾಸೆಸ್’ ದಾರಿ ಮಾಡುತ್ತೆ ಅನ್ನೋದು ಫ್ರಾಂಕ್‌ಫರ್ಟರ್ ಕೊಟ್ಟ ಎಚ್ಚರಿಕೆ. ಅದು ಬರೀ ಭಯವಲ್ಲ. ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂದ ನ್ಯೂಯಾರ್ಕ್ ಕಾನೂನನ್ನು ಅಮೆರಿಕದ ಕೋರ್ಟ್ 1905ರಲ್ಲಿ ಇದೇ ಮಾತಿನ ಬಲದಿಂದ ರದ್ದು ಮಾಡಿತ್ತು. ಆಮೇಲೆ ನಮ್ಮ ಕರಡು ಸಮಿತಿ ಜಪಾನಿನ 1946ರ ಸಂವಿಧಾನದಲ್ಲಿದ್ದ ಈ ‘ಎಕ್ಸೆಪ್ಟ್’ ಬಾಲವನ್ನು ತಂದು ಸೇರಿಸಿತು.

ಸಭೆಯಲ್ಲಿ ಹಲವರು ವಿರೋಧಿಸಿದರು. 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಎರಡೂ ಕಡೆಯ ಅಪಾಯಗಳನ್ನು ಹೇಳಿ, ತೀರ್ಮಾನವನ್ನು ಸಭೆಗೇ ಬಿಟ್ಟರು. ಸಭೆ ಹೊಸ ಬಾಲವನ್ನೇ ಉಳಿಸಿಕೊಂಡಿತು. ಆದ್ರೆ ಮುಂದಿನ ವರ್ಷ ಅಂಬೇಡ್ಕರ್ ಅವರೇ ಇನ್ನೊಂದು ವಿಧಿ ತಂದರು, ಇವತ್ತಿನ 22ನೆಯದು: ಬಂಧಿಸಿದವನಿಗೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಅದಕ್ಕೂ ಒಂದು ವಿನಾಯಿತಿ ಅಂಟಿಕೊಂಡಿತು. ಮುಂಜಾಗ್ರತೆಯ ಹೆಸರಲ್ಲಿ ಬಂಧಿಸಿದವರಿಗೆ ಈ 24 ಗಂಟೆಯ ನಿಯಮ ಇಲ್ಲ.

ಆ ಬಾಲದ ಏಟು ಮೊದಲು ಬಿದ್ದಿದ್ದು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರಿಗೆ. ಮುಂಜಾಗ್ರತಾ ಬಂಧನ ಕಾಯ್ದೆಯಡಿ ಜೈಲಿನಲ್ಲಿದ್ದ ಅವರು, ‘ಲಾ’ ಅಂದ್ರೆ ನ್ಯಾಯವಾದ ಕಾನೂನು ಅಂತ ತಾನೇ ಅರ್ಥ ಅಂತ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 1950ರ ಮೇ ತಿಂಗಳಲ್ಲಿ ಬಹುಮತದ ತೀರ್ಪು ಬಂತು: ಅಲ್ಲ, ‘ಲಾ’ ಅಂದ್ರೆ ಶಾಸನಸಭೆ ಮಾಡಿದ ಕಾನೂನು, ಅಷ್ಟೇ. ಒಪ್ಪದೆ ಬರೆದವರಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರು. ಗೋಪಾಲನ್ ಬಿಡುಗಡೆ ಆಗಲಿಲ್ಲ.

ಅಲ್ಲಿಂದ ಸುಮಾರು 28 ವರ್ಷ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಕಾರಣ ಹೇಳೋಕೂ ಒಪ್ಪಲಿಲ್ಲ. 1978ರ ಜನವರಿ 25ರಂದು ಸುಪ್ರೀಂ ಕೋರ್ಟ್ ಹೇಳಿದ್ದು: ಏನೋ ಒಂದು ಕ್ರಮ ಇದ್ದರೆ ಸಾಲದು, ಅದು ನ್ಯಾಯವಾಗಿರಬೇಕು, ವಿವೇಚನೆಯಿಂದ ಕೂಡಿರಬೇಕು. ಬಿಟ್ಟುಹೋಗಿದ್ದ ‘ಡ್ಯೂ’ ಹಿತ್ತಲ ಬಾಗಿಲಿಂದ ಒಳಗೆ ಬಂತು. 21ನೇ ವಿಧಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಇದರಲ್ಲಿ ಯಾರನ್ನೂ ದಡ್ಡರು ಅನ್ನೋಕಾಗಲ್ಲ. ಬಿ.ಎನ್. ರಾವ್ ಹೆದರಿದ್ದಕ್ಕೆ ಕಾರಣ ಇತ್ತು, ಗೋಪಾಲನ್ ಕೇಳಿದ್ದರಲ್ಲೂ ನ್ಯಾಯ ಇತ್ತು. ವಿನಾಯಿತಿ ಎಷ್ಟು ದೊಡ್ಡದು, ಅದನ್ನು ಅಳೆಯೋರು ಯಾರು ಅಂತ ವಾಕ್ಯದಲ್ಲಿ ಬರೆಯದಿದ್ದರೆ, ಮುಂದೆ ಓದೋರು ಯಾರೋ ಅದನ್ನು ತೀರ್ಮಾನಿಸ್ತಾರೆ. ಅಲ್ಲಿವರೆಗೆ ಒಬ್ಬ ಒಳಗೇ ಕೂತಿರ್ತಾನೆ.

ನನ್ನ ಮೇಲ್‌ನಿಂದ ಯಾರೂ ಜೈಲಿಗೆ ಹೋಗಲಿಲ್ಲ ಬಿಡಿ. ಆದ್ರೂ ಈಗ ಎಕ್ಸೆಪ್ಟ್ ಟೈಪ್ ಮಾಡಿದಾಗ ಕೈ ನಿಲ್ಲುತ್ತೆ. ಯಾವುದರಿಂದ ಹೊರಗೆ, ಎಷ್ಟು ಹೊರಗೆ, ತೀರ್ಮಾನ ಯಾರದು? ಮೂರಕ್ಕೂ ಒಂದೇ ವಾಕ್ಯದಲ್ಲಿ ಜಾಗ ಸಾಲದಿದ್ದರೆ ಫುಲ್‌ಸ್ಟಾಪ್ ಇಟ್ಟು ಇನ್ನೊಂದು ವಾಕ್ಯ ಬರೀತೀನಿ. ಆ ಹುಡುಗನಿಗೆ ಸಾರಿ ಹೇಳಿದ ಮೇಲ್‌ನಲ್ಲಿ ಮಾತ್ರ ಎಕ್ಸೆಪ್ಟೂ ಇರಲಿಲ್ಲ, ಬಟ್ಟೂ ಇರಲಿಲ್ಲ.